ವರ್ಚುವಲ್ ಮೆಷೀನ್ ಫೈಲ್‌ಗಳ ರಕ್ಷಣೆ

ವರ್ಚುವಲ್ ಮೆಷೀನ್ ಎಂದರೆ ಕೆಲವೇ ಫೈಲ್‌ಗಳಲ್ಲಿ ಅಡಗಿರುವ ಇಡೀ ಕಂಪ್ಯೂಟರ್. ಅದರ ಹಾರ್ಡ್ ಡಿಸ್ಕ್ ಒಂದು ದೊಡ್ಡ ಫೈಲ್: ವಿಎಂವೇರ್‌ನಲ್ಲಿ ವಿಎಂಡಿಕೆ, ವರ್ಚುವಲ್‌ಬಾಕ್ಸ್‌ನಲ್ಲಿ ವಿಡಿಐ, ಹೈಪರ್-ವಿಯಲ್ಲಿ ವಿಎಚ್‌ಡಿಎಕ್ಸ್. ಮೆಮೊರಿ, ನೆಟ್‌ವರ್ಕ್ ಮುಂತಾದ ವಿವರಗಳು ಬೇರೊಂದು ಚಿಕ್ಕ ಫೈಲಿನಲ್ಲಿರುತ್ತವೆ. ಐಬಿಎಂ 1972ರಲ್ಲಿ ವಿಎಂ/370 ಹೊರತಂದಾಗ ಈ ತಂತ್ರ ದೊಡ್ಡ ಯಂತ್ರಗಳಿಗೆ ಸೀಮಿತವಾಗಿತ್ತು. 1999ರ ವಿಎಂವೇರ್ ವರ್ಕ್‌ಸ್ಟೇಷನ್ ಅದನ್ನು ಸಾಮಾನ್ಯ ಪಿಸಿಗೂ ತಂದಿತು. ಇಂದು ಬೆಂಗಳೂರಿನ ಇಂದಿರಾನಗರದ ಸಣ್ಣ ಕಚೇರಿಯ ಲೆಕ್ಕಪತ್ರದ ಸರ್ವರ್ ಕೂಡ ಒಂದು ಫೋಲ್ಡರಿನಲ್ಲಿ ಇರಬಹುದು. ಆ ಫೋಲ್ಡರ್ ಅಳಿದರೆ ಸರ್ವರ್ ಪೂರ್ತಿಯಾಗಿ ಹೋದಂತೆಯೇ.

1. ಅಳಿಯುವ ಬಗೆ

ವಿಎಂವೇರ್‌ನ ಮೆನುವಿನಲ್ಲಿ ಎರಡು ಆಜ್ಞೆಗಳಿವೆ. ‘ರಿಮೂವ್ ಫ್ರಮ್ ಇನ್ವೆಂಟರಿ’ ಯಂತ್ರವನ್ನು ಪಟ್ಟಿಯಿಂದ ಮಾತ್ರ ತೆಗೆಯುತ್ತದೆ. ‘ಡಿಲೀಟ್ ಫ್ರಮ್ ಡಿಸ್ಕ್’ ಫೈಲ್‌ಗಳನ್ನೇ ಅಳಿಸುತ್ತದೆ. ಒಂದರ ಬದಲು ಇನ್ನೊಂದನ್ನು ಒತ್ತುವುದು ಮೊದಲ ಅಪಾಯ. ಎರಡನೆಯ ಅಪಾಯ, ಜಾಗ ತುಂಬಿದಾಗ ನಡೆಯುವ ಅವಸರದ ಶುಚಿಗೊಳಿಸುವಿಕೆ. ಚಾಲನೆಯಲ್ಲಿರುವ ಯಂತ್ರದ ಡಿಸ್ಕ್ ಫೈಲಿಗೆ ವಿಎಂವೇರ್‌ನ ಸರ್ವರ್ ತಂತ್ರಾಂಶ ಇಎಸ್‌ಎಕ್ಸ್‌ಐ ಬೀಗ ಹಾಕಿರುತ್ತದೆ. ಆಫ್ ಆಗಿರುವ ಯಂತ್ರಕ್ಕೆ ಆ ಬೀಗವಿಲ್ಲ. ವರ್ಷಕ್ಕೊಮ್ಮೆ ಬಳಸುವ ಯಂತ್ರಗಳು ಬೇಡದವುಗಳಂತೆ ಕಂಡು ಅಳಿದುಹೋಗುವುದು ಹೀಗೆ.

2. ಬ್ಯಾಕಪ್ ಅಲ್ಲದವು

ಯಂತ್ರದ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಸ್ನ್ಯಾಪ್‌ಶಾಟ್ ತೆಗೆದ ಮೇಲಿನ ಬದಲಾವಣೆಗಳು ಹೊಸ ಫೈಲಿಗೆ ಹೋಗುತ್ತವೆ. ಆ ಫೈಲ್ ಮೂಲ ಡಿಸ್ಕ್ ಫೈಲನ್ನೇ ಅವಲಂಬಿಸಿರುತ್ತದೆ. ಮೂಲ ಅಳಿದರೆ ಸರಪಳಿ ಕಡಿಯುತ್ತದೆ. ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ರೇಡ್ ಕೂಡ ಬ್ಯಾಕಪ್ ಅಲ್ಲ: ಒಂದು ಡಿಸ್ಕ್ ಕೆಟ್ಟರೆ ಅದು ಕಾಪಾಡೀತು, ಆದರೆ ಅಳಿಸುವ ಆಜ್ಞೆ ಎಲ್ಲ ಡಿಸ್ಕ್‌ಗಳಿಗೂ ಒಮ್ಮೆಗೇ ತಲುಪುತ್ತದೆ.

3. ಕಾಪಾಡುವ ಕ್ರಮ

ಪ್ರತಿ ಯಂತ್ರಕ್ಕೂ ಅರ್ಥವಾಗುವ ಹೆಸರು, ಹೊಣೆಗಾರರೊಬ್ಬರು ಇರಬೇಕು. ಅಳಿಸುವ ಅಧಿಕಾರ ಒಬ್ಬಿಬ್ಬರಿಗಷ್ಟೇ ಇರಲಿ. ಬೇಡವೆನಿಸಿದ ಯಂತ್ರವನ್ನು ಆಫ್ ಮಾಡಿ, ಹೆಸರಿಗೆ ದಿನಾಂಕ ಸೇರಿಸಿ, ಒಂದು ತಿಂಗಳಾದರೂ ಕಾದು, ಬ್ಯಾಕಪ್ ಇದೆಯೆಂದು ಖಚಿತಪಡಿಸಿಕೊಂಡೇ ಅಳಿಸಬೇಕು.

ಬ್ಯಾಕಪ್ಪಿಗೆ ಪ್ರಸಿದ್ಧ ಸೂತ್ರ 3-2-1: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಹಲಸೂರಿನ ಕಚೇರಿಯ ಪ್ರತಿ ಕೆ.ಆರ್. ಪುರದಲ್ಲಿದ್ದರೆ ಬೆಂಕಿ, ಕಳ್ಳತನಗಳಿಗೆ ಸಾಕು. ನಗರಕ್ಕೆಲ್ಲ ಒದಗುವ ಆಪತ್ತಿಗೆ ಸಾಲದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಮಾರತ್ತಹಳ್ಳಿ, ಮಹದೇವಪುರ ಭಾಗಗಳು ಏಕಕಾಲಕ್ಕೆ ಜಲಾವೃತವಾದವು. ಆದ್ದರಿಂದ ಒಂದು ಪ್ರತಿಯಾದರೂ ಬೇರೆ ಊರಿನಲ್ಲಿ ಅಥವಾ ಕ್ಲೌಡ್‌ನಲ್ಲಿ ಇರಬೇಕು. ಇನ್ನೊಂದು ಅಪಾಯ ದಾಳಿಕೋರರದು: 2023ರ ಫೆಬ್ರವರಿಯಲ್ಲಿ ಫೈಲ್‌ಗಳನ್ನು ಗೂಢಲಿಪಿಗೊಳಿಸಿ ಹಣ ಕೇಳುವ ಇಎಸ್‌ಎಕ್ಸ್‌ಐಆರ್ಗ್ಸ್ ಎಂಬ ರ‍್ಯಾನ್ಸಮ್‌ವೇರ್ ಹಲವು ದೇಶಗಳ ಸರ್ವರ್‌ಗಳಲ್ಲಿ ವರ್ಚುವಲ್ ಮೆಷೀನ್ ಫೈಲ್‌ಗಳನ್ನೇ ಗುರಿಮಾಡಿತು. ಸದಾ ಸಂಪರ್ಕದಲ್ಲಿರುವ ಪ್ರತಿಗೂ ಅಂಥ ಅಪಾಯ ತಪ್ಪಿದ್ದಲ್ಲ. ಒಂದು ಪ್ರತಿ ಸರ್ವರ್‌ನಿಂದ ಕಳಚಿಟ್ಟದ್ದಾಗಿರಲಿ.

4. ಅಳಿದ ಮೇಲೆ

ಅಳಿದ ಫೈಲ್‌ಗಳಿದ್ದ ಡಿಸ್ಕ್‌ಗೆ ಏನನ್ನೂ ಬರೆಯಬಾರದು. ಹೊಸ ಬರಹ ಹಳೆಯದರ ಜಾಗವನ್ನು ಕಬಳಿಸುತ್ತದೆ. ಲಿನಕ್ಸ್‌ನ ವರ್ಚುವಲ್ ಮೆಷೀನ್ ವ್ಯವಸ್ಥೆ ಕೆವಿಎಂನಲ್ಲಿ ಯಂತ್ರ ಇನ್ನೂ ಓಡುತ್ತಿದ್ದರೆ ಅದನ್ನು ಆಫ್ ಮಾಡಬಾರದು: ಫೈಲಿನ ಹೆಸರು ಅಳಿದರೂ, ತೆರೆದಿಟ್ಟ ಪ್ರೋಗ್ರಾಂ ಅದನ್ನು ಮುಚ್ಚುವವರೆಗೆ ಒಳಗಿನ ಮಾಹಿತಿ ಉಳಿದಿರುತ್ತದೆ, ನಕಲು ತೆಗೆಯಲು ಸಾಧ್ಯ. ವಿಎಂವೇರ್‌ನಲ್ಲಿ ಮಾಹಿತಿಯಿರುವ ‘ಫ್ಲಾಟ್’ ಫೈಲ್ ಉಳಿದು ಅದರ ಚಿಕ್ಕ ವಿವರಣಾ ಫೈಲ್ ಮಾತ್ರ ಹೋಗಿದ್ದರೆ, ಆ ವಿವರಣಾ ಫೈಲನ್ನು ಮತ್ತೆ ರಚಿಸಬಹುದು.

ಮರಳಿ ಚಾಲೂ ಮಾಡಿ ನೋಡದ ಬ್ಯಾಕಪ್ಪನ್ನು ನಂಬುವಂತಿಲ್ಲ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಯಂತ್ರವನ್ನು ಎಬ್ಬಿಸಿ ಪರೀಕ್ಷಿಸುವುದನ್ನು ಪ್ರತಿ ಕಚೇರಿಯೂ ನಿಯಮವಾಗಿಸಿಕೊಳ್ಳಬೇಕು.