ಮಗಳು ಯಾವಾಗ ದೊಡ್ಡವಳಾಗ್ತಾಳೆ?



ಹಳಿಯಾಳದ ಕಡೆಯ ಒಂದು ಊರು. ಸಂಜೆ ಪಾಠ ಮುಗಿದಿತ್ತು. ಎಲ್ಲರೂ ಎದ್ದು ಹೋದರು. ಒಬ್ಬಾಕೆ ಮಾತ್ರ ಕೂತೇ ಇದ್ದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅಕ್ಕೋರೇ, ನನ್ನ ಮಗಳಿಗೆ 15 ತುಂಬಿತು. ಇನ್ನೂ ಮೈನೆರೆದಿಲ್ಲ. ದೇವರ ಕಾಟ ಅಂತಾರ್ರಿ ಊರಾಗ."

ಮಗಳು ಏನು ಕೆಲಸ ಮಾಡ್ತಾಳೆ ಎಂದು ಕೇಳಿದೆವು.

"ಸಣ್ಣಾಕಿ ಇದ್ದಾಗಿಂದ ಕಾಡಿನಿಂದ ಸೌದೆ ಹೊರೆ ತರ್ತಾಳ್ರಿ. ಮಳೆಗಾಲದಾಗ ಒಂದೇ ಹೊತ್ತು ಊಟ."

ದೇವರು ಯಾಕೆ ಕಾಡಿಯಾನು? ಕಾಡಿದ್ದು ಹಸಿವು.

ಮೈ ಬೆಳೆಯಲು ಅನ್ನ ಬೇಕು. ದುಡಿಯಲೂ ಅನ್ನ ಬೇಕು. ಜ್ವರ, ಭೇದಿ ಬಂದರೆ ಅದಕ್ಕೂ ಶಕ್ತಿ ಖರ್ಚು. ಹೀಗೆ ಎಲ್ಲ ಖರ್ಚಾದರೆ ಮೈಯಲ್ಲಿ ಏನೂ ಉಳಿಯುವುದಿಲ್ಲ. ಮೈ ಸ್ವಲ್ಪ ತುಂಬಿಕೊಂಡ ಮೇಲೆಯೇ ಮೆದುಳು ಮುಟ್ಟಿಗೆ ಅಪ್ಪಣೆ ಕೊಡುತ್ತದೆ. ಅಲ್ಲಿಯವರೆಗೆ ತಡೆಯುತ್ತದೆ.

ಕಷ್ಟ ಇದ್ದರೆ ಯಾವಾಗಲೂ ತಡವೇ ಎಂದು ತಿಳಿಯಬೇಡಿ. ನಮ್ಮ ದೇಶದ 107 ಹೆಣ್ಣುಮಕ್ಕಳು ಸ್ವೀಡನ್ ದೇಶಕ್ಕೆ ದತ್ತು ಹೋಗಿದ್ದರು. ಅವರ ವಿಷಯ 1991ರಲ್ಲಿ ಅಚ್ಚಾಯಿತು. ಹಲವರು ಇಲ್ಲಿದ್ದಾಗ ಹಸಿದವರು. ಅಲ್ಲಿ ಹೊಟ್ಟೆತುಂಬ ಊಟ ಸಿಕ್ಕಿತು. ಸರಸರನೆ ಬೆಳೆದರು. ಅರ್ಧದಷ್ಟು ಹುಡುಗಿಯರು ಹನ್ನೊಂದೂವರೆ ವರ್ಷದ ಹೊತ್ತಿಗೇ ಮೈನೆರೆದರು. ಒಬ್ಬಳಿಗೆ ಇನ್ನೂ 8 ತುಂಬಿರಲಿಲ್ಲ!

ಮನೆಯಲ್ಲಿ ದಿನಾ ಹೊಡೆತ, ಭಯ ಕಂಡ ಕೆಲವು ಹುಡುಗಿಯರೂ ಬೇಗ ದೊಡ್ಡವರಾಗುತ್ತಾರೆ. ಎಲ್ಲರೂ ಅಲ್ಲ. ತಾಯಿಯ ಕಡೆಯ, ತಂದೆಯ ಕಡೆಯ ರಕ್ತಗುಣವೂ ಇರುತ್ತದೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಎಲ್ಲಿ ಹೋದರೂ ಒಂದು ಮಾತು ಕೇಳುತ್ತೇವೆ. "ದೊಡ್ಡವಳಾದಳು, ಇನ್ನು ಗಂಡು ನೋಡ್ರಿ." ನಮಗೆ ಸಿಟ್ಟು ಬರುತ್ತದೆ. 11 ವರ್ಷದ ಹುಡುಗಿಗೆ ಮುಟ್ಟು ಬಂದಿರಬಹುದು. ಸೊಂಟದ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ಅಂಥವಳು ಬಸುರಿಯಾದರೆ ಹೆರಿಗೆಯಲ್ಲಿ ಜೀವಕ್ಕೇ ಅಪಾಯ. 18 ತುಂಬದೆ ಮದುವೆ ಮಾಡಿದರೆ ಕಾನೂನಿನಲ್ಲೂ ತಪ್ಪು.

8 ವರ್ಷಕ್ಕೆ ಮೊದಲೇ ಎದೆ ಮೂಡಿದರೆ ಡಾಕ್ಟರಿಗೆ ತೋರಿಸಿ. 13 ತುಂಬಿದರೂ ಎದೆ ಮೂಡದಿದ್ದರೆ ತೋರಿಸಿ. 15 ತುಂಬಿದರೂ ಮುಟ್ಟು ಬಾರದಿದ್ದರೂ ಅಷ್ಟೇ. ಮಂತ್ರ, ತಾಯಿತ ಎಂದು ದಿನ ಕಳೆಯಬೇಡಿ.

ಆ ತಾಯಿ ಮಗಳನ್ನು ಆಸ್ಪತ್ರೆಗೆ ಕರೆದೊಯ್ದಳು. ರಕ್ತ ಕಡಿಮೆ ಎಂದರು. ಕಬ್ಬಿಣದ ಮಾತ್ರೆ ಕೊಟ್ಟರು. ಸೌದೆ ತರಲು ಈಗ ಅಣ್ಣನೂ ಹೋಗುತ್ತಾನೆ.

ಮೊನ್ನೆ ಹುಡುಗಿ ತಾಯಿಯ ಜೊತೆ ಪಾಠಕ್ಕೆ ಬಂದಿದ್ದಳು. ಮುಟ್ಟಿನ ಮಾತು ನಾವು ಎತ್ತಲಿಲ್ಲ. ಮಧ್ಯಾಹ್ನ ಏನು ಉಂಡೆ ಎಂದು ಕೇಳಿದೆವು.

"ಹೆಸರುಕಾಳಿನ ಪಲ್ಯ, ಎರಡು ರೊಟ್ಟಿ," ಅಂದಳು.