ಕುಮಟಗಿಯ ನೀರಿನ ಮಹಲು: ಅಭಿಮಾನದ ಜೊತೆಗೆ ಅಭ್ಯಾಸವೂ ಬೇಕು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಸಭೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ: "ನಮ್ಮ ಹಿರಿಯರು ಗೋಲಗುಮ್ಮಟ ಕಟ್ಟಿದರು." ಸಂತೋಷ. ಆದರೆ ಅದನ್ನು ಹೇಗೆ ಕಟ್ಟಿದರು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಹೇಳಬಲ್ಲೆವು? ಇಂದು ಗೋಲಗುಮ್ಮಟವನ್ನು ಬಿಟ್ಟು, ಪ್ರವಾಸದ ಬಸ್ಸುಗಳು ಅಷ್ಟಾಗಿ ಹೋಗದ ಒಂದು ಚಿಕ್ಕ ಕಟ್ಟಡದ ಬಗ್ಗೆ ಹೇಳಬಯಸುತ್ತೇನೆ.

ವಿಜಯಪುರದಿಂದ ಪೂರ್ವಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ ಕುಮಟಗಿ ಎಂಬ ಹಳ್ಳಿಯಿದೆ. ಅಲ್ಲಿಯ ಕೆರೆಯ ಬಳಿ ಆದಿಲಶಾಹಿ ಅರಸರ ವಿಹಾರದ ಮಹಲುಗಳಿವೆ. ಸ್ಕಾಟ್ಲೆಂಡಿನಂಥ ದೇಶಗಳಲ್ಲಿ ಶ್ರೀಮಂತರು ಕಡಲ ದಂಡೆಯಲ್ಲಿ ವಿಹಾರದ ಮನೆ ಕಟ್ಟಿಸಿಕೊಂಡರು. ವಿಜಯಪುರಕ್ಕೆ ಕಡಲಿಲ್ಲ, ಅಲ್ಲಿರುವುದು ಬಿರುಬಿಸಿಲು. ಆದ್ದರಿಂದ ಇಲ್ಲಿಯ ಶಿಲ್ಪಿಗಳು ನೀರನ್ನೇ ಮನೆಯೊಳಗೆ ತಂದರು.

ಚೌಕಾಕಾರದ ಹೊಂಡದ ನಡುವೆ ಎರಡು ಅಂತಸ್ತಿನ ಮಂಟಪ. ನೀರನ್ನು ಮೊದಲು ಎತ್ತರದ ತೊಟ್ಟಿಗೆ ಏರಿಸುತ್ತಿದ್ದರು. ಅಲ್ಲಿಂದ ಅದು ಗೋಡೆಯೊಳಗೆ ಹುದುಗಿಸಿದ ಕೊಳವೆಗಳಲ್ಲಿ ಇಳಿದು, ಛಾವಣಿಯ ರಂಧ್ರಗಳಿಂದ ತುಂತುರಾಗಿ ಬೀಳುತ್ತಿತ್ತು. ಆಗ ವಿದ್ಯುತ್ತೂ ಇರಲಿಲ್ಲ, ಪಂಪೂ ಇರಲಿಲ್ಲ. ಕೆಲಸ ಮಾಡಿದ್ದು ನೀರಿನ ಒತ್ತಡ. ತೊಟ್ಟಿ 10 ಮೀಟರ್ ಎತ್ತರದಲ್ಲಿದ್ದರೆ ಕೆಳಗಿನ ಕೊಳವೆಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ಬರುತ್ತದೆ. ಇದು ನಿಮ್ಮ ವಿಜ್ಞಾನ ಪುಸ್ತಕದ ಪಾಠವೇ. ತುಂತುರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರುತ್ತದೆ. ನಮ್ಮ ಮನೆಯ ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವುದೂ ಇದೇ ರೀತಿಯಲ್ಲಿ.

ಒತ್ತಡ ಹೆಚ್ಚಾದರೆ ಕೊಳವೆ ಒಡೆಯುತ್ತದೆ. ಇದನ್ನೂ ಅವರು ಬಲ್ಲವರಾಗಿದ್ದರು. 1651ರಲ್ಲಿ ಮುಹಮ್ಮದ್ ಆದಿಲಶಾಹ ಕಟ್ಟಿಸಿದ ಬೇಗಂ ತಾಲಾಬಿನಿಂದ ವಿಜಯಪುರ ನಗರಕ್ಕೆ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ದಾರಿಯಲ್ಲಿ ಒತ್ತಡವನ್ನು ತಗ್ಗಿಸಲು, ಕೆಸರು ತಳಕ್ಕೆ ಇಳಿಯಲು 'ಗಂಜ್' ಎಂಬ ಗೋಪುರಗಳನ್ನು ಕಟ್ಟಿದ್ದರು.

ಕುಮಟಗಿಯ ಗೋಡೆಗಳ ಮೇಲೆ ವರ್ಣಚಿತ್ರಗಳೂ ಇವೆ. ಕುದುರೆಯ ಮೇಲೆ ಕುಳಿತು ಚೌಗಾನ್, ಎಂದರೆ ಇಂದಿನ ಪೋಲೊ, ಆಡುವವರು, ಕುಸ್ತಿಯ ಪೈಲವಾನರು, ಯುರೋಪಿನ ಉಡುಪು ತೊಟ್ಟವರು ಅಲ್ಲಿ ಕಾಣುತ್ತಾರೆ. ಊರಿನ ಆಟಕ್ಕೂ ಪರದೇಶದ ಅತಿಥಿಗೂ ಒಂದೇ ಗೋಡೆಯ ಮೇಲೆ ಜಾಗ ದೊರೆತಿತ್ತು. ದುರ್ದೈವದಿಂದ ಈ ಚಿತ್ರಗಳು ಬಹಳಷ್ಟು ಹಾಳಾಗಿವೆ.

ವಿದ್ಯಾರ್ಥಿಗಳೇ, ನಾನು ಹೇಳಬೇಕಾದದ್ದು ಇಷ್ಟೇ. ಈ ಮಹಲಿಗೆ ಅರಸನ ಹೆಸರು ಅಂಟಿಕೊಂಡಿದೆ. ಆದರೆ ಇಳಿಜಾರು ಲೆಕ್ಕ ಹಾಕಿದವನು, ಕೊಳವೆ ಜೋಡಿಸಿದವನು, ಗಾರೆ ಅರೆದವನು ಕೆಲಸ ಬಲ್ಲ ಮನುಷ್ಯ. ನಾವು ವಾರಸುದಾರರಾಗಬೇಕಾದದ್ದು ಅವನ ಇಲ್ಮಿಗೆ, ಅವನ ಹುನರಿಗೆ. ಆ ವಾರಸುದಾರಿಕೆ ಹುಟ್ಟಿನಿಂದ ಬರುವುದಿಲ್ಲ, ಓದಿನಿಂದ ಬರುತ್ತದೆ. ಅದಕ್ಕೆ ಜಾತಿ ಮತಗಳ ಬೇಲಿಯೂ ಇಲ್ಲ. ಗಣಿತಕ್ಕೆ ಹೆದರಿ ಶಾಲೆ ಬಿಟ್ಟ ಹುಡುಗ, ಹತ್ತನೆಯ ತರಗತಿಗೇ ಓದು ನಿಲ್ಲಿಸಿದ ಹುಡುಗಿ ಗುಮ್ಮಟದ ಹೆಮ್ಮೆಯನ್ನು ಎಷ್ಟು ಹೇಳಿಕೊಂಡರೇನು ಪ್ರಯೋಜನ? ಪಾಲಕರಲ್ಲಿ ನನ್ನ ವಿನಂತಿ: ಮಗನಂತೆ ಮಗಳನ್ನೂ ಮುಂದೆ ಓದಿಸಿ.

ಕುಮಟಗಿ ದೂರವೆಂದರೆ ಹುಕ್ಕೇರಿ ನಮ್ಮ ಹತ್ತಿರವೇ ಇದೆ. ಅಲ್ಲಿಯ ಮೂರು ಗುಮ್ಮಟಗಳೂ ಆದಿಲಶಾಹಿ ಕಾಲದವು. ಈ ಸಲ ಹೋಗುವಾಗ ಗೋಡೆಯ ಮೇಲೆ ಹೆಸರು ಕೆತ್ತಲು ಮೊಳೆ ಒಯ್ಯಬೇಡಿ. ಒಂದು ಕೋಲು, ಅಳತೆಪಟ್ಟಿ, ನೋಟ್‌ಬುಕ್ ಒಯ್ಯಿರಿ. ಕೋಲಿನ ನೆರಳನ್ನೂ ಗುಮ್ಮಟದ ನೆರಳನ್ನೂ ಒಂದೇ ಹೊತ್ತಿನಲ್ಲಿ ಅಳೆಯಿರಿ. ಗುಮ್ಮಟದ ನೆರಳನ್ನು ಅದರ ನಡುಮಧ್ಯದ ನೇರದಿಂದ ಅಳೆಯಬೇಕು, ಮರೆಯಬೇಡಿ. ಸಮರೂಪ ತ್ರಿಭುಜದ ಪಾಠದಿಂದ ಎತ್ತರ ಕಂಡುಹಿಡಿಯಿರಿ. ಉತ್ತರವನ್ನು ನಿಮ್ಮ ಗಣಿತದ ಗುರುಗಳಿಗೆ ತೋರಿಸಿ.