ಮಾಳಿಗೆಯ ಹೆಜ್ಜೆ, ಪರದೇಶದ ರಂಗ



ಪ್ಯಾಲೆಸ್ಟೀನಿನ ಜನಪದ ಕುಣಿತ ‘ದಬ್ಕೆ’. ಅರಬ್ಬಿಯಲ್ಲಿ ಈ ಮಾತಿಗೆ ಕಾಲು ಅಪ್ಪಳಿಸುವುದು ಎಂದರ್ಥ. ಹಳ್ಳಿಯಲ್ಲಿ ಮಣ್ಣಿನ ಮಾಳಿಗೆ ಬಿರುಕು ಬಿಟ್ಟರೆ ನೆರೆಹೊರೆಯವರು ಕೈಕೈ ಹಿಡಿದು ತುಳಿದು ಗಟ್ಟಿಮಾಡುತ್ತಿದ್ದರಂತೆ. ಕುಣಿತ ಹುಟ್ಟಿದ್ದು ಹಾಗೆ ಎನ್ನುತ್ತಾರೆ. ವಿಜ್ಞಾನ ಓದಿದ ನನಗೆ ಇದು ನಂಬುವಂತೆಯೇ ಕಾಣುತ್ತದೆ. ಹಸಿಮಣ್ಣನ್ನು ತುಳಿದರೆ ಕಣಗಳ ನಡುವಿನ ಸಂದು ಮುಚ್ಚಿ ನೀರು ಸೋರುವುದು ಕಡಿಮೆಯಾಗುತ್ತದೆ. ಒಂದೇ ತಾಳಕ್ಕೆ ತುಳಿದರೆ ದಣಿವೂ ತಿಳಿಯದು.

1948ರಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ನಿರಾಶ್ರಿತರಾದರು. ಕುಣಿತವೂ ಅವರೊಂದಿಗೆ ಶಿಬಿರಗಳಿಗೆ ಹೋಯಿತು. 1979ರಲ್ಲಿ ಆರಂಭವಾದ ‘ಎಲ್ ಫುನೂನ್’ ತಂಡ ಹಳ್ಳಿಗಳ ಹಾಡು, ಹೆಜ್ಜೆಗಳನ್ನು ಕಲೆಹಾಕಿ ಹೊರದೇಶಗಳ ರಂಗಕ್ಕೆ ಒಯ್ದಿತು. 2023ರಲ್ಲಿ ಯುನೆಸ್ಕೋ ದಬ್ಕೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಕುಣಿತಕ್ಕೆ ಚಪ್ಪಾಳೆ ಬೇಗ ಸಿಗುತ್ತದೆ. ಕುಣಿಯುವವರ ಮನೆ ಏನಾಯಿತೆಂದು ಪ್ರೇಕ್ಷಕ ಕೇಳಬೇಕಾದರೆ ಮಾತು ಬೇಕು, ನಾಟಕ ಬೇಕು. ಜೆನಿನ್ ಶಿಬಿರದಲ್ಲಿ 2006ರಲ್ಲಿ ತೆರೆದ ಫ್ರೀಡಂ ಥಿಯೇಟರ್ ಹಿಡಿದದ್ದು ಈ ದಾರಿ. ಸ್ಥಾಪಕರಲ್ಲೊಬ್ಬರಾದ ಜೂಲಿಯಾನೋ ಮೆರ್ ಖಮೀಸ್ 2011ರಲ್ಲಿ ಗುಂಡೇಟಿಗೆ ಬಲಿಯಾದರೂ ಪ್ರದರ್ಶನಗಳು ಮುಂದುವರಿದವು. 2015ರಲ್ಲಿ ‘ದ ಸೀಜ್’ ನಾಟಕ ಬ್ರಿಟನ್ ಸುತ್ತಿತು. ಮರುವರ್ಷ ಕಲಾವಿದರು ದೆಹಲಿಯ ಜನ ನಾಟ್ಯ ಮಂಚ್ ಜೊತೆಗೂಡಿ ನಮ್ಮ ದೇಶದ ನಗರಗಳಲ್ಲೂ ಆಡಿದರು. 2025ರ ಜನವರಿಯಲ್ಲಿ ಇಸ್ರೇಲಿ ಸೇನಾ ಕಾರ್ಯಾಚರಣೆಯಿಂದಾಗಿ ಜೆನಿನ್ ಶಿಬಿರದ ಜನ ಮತ್ತೆ ಮನೆ ಬಿಡಬೇಕಾಯಿತು.